ತುಟಿಯಷ್ಟೇ ಕಲಿತ ಇಂಗ್ಲಿಷ್

ನನಗೆ ಇಂಗ್ಲಿಷ್ ಬರುತ್ತದೆ ಎಂದು ಇಚಲಕರಂಜಿಯ ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ್ದರು. ನಂಬದೆ ಇದ್ದವಳು ನಾನೊಬ್ಬಳೇ. ಆ ನಂಬಿಕೆ ಒಡೆಯುವ ದಿನಕ್ಕೆ ಹೆದರಿಕೊಂಡೇ ಹನ್ನೆರಡು ವರ್ಷ ಕಳೆದೆ. ಕೊನೆಗೆ ಅದನ್ನು ಉಳಿಸಿಕೊಳ್ಳಲು ನನ್ನ ಬೆನ್ನಿಗೆ ಬಿದ್ದ ತಂಗಿಯ ಬಾಯಿ ಕಟ್ಟಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಐದನೆಯ ತರಗತಿಯವರೆಗೆ, ಗಡಿಯ ದತ್ತವಾಡದಲ್ಲಿ, ಕನ್ನಡದಲ್ಲಿ. ಅಪ್ಪ ಮಗ್ಗದ ಕೆಲಸ ಹಿಡಿದು ಇಚಲಕರಂಜಿಗೆ ಬಂದಾಗ ತಂಗಿ ಅವ್ವನ ಸೊಂಟದ ಮೇಲಿದ್ದಳು. ನನ್ನ ಶಾಲೆ ಅಲ್ಲಿಗೇ ನಿಂತಿತು. ಹದಿನಾರು ತುಂಬಿದಾಗ ಕೊಲ್ಹಾಪುರದ ಒಂದು ಮನೆಗೆ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದೆ. ಗಂಡನ ನೌಕರಿಯ ಬೆನ್ನು ಹತ್ತಿ ಹತ್ತಾರು ಊರು ತಿರುಗಿದ ಮುದುಕಿ. ಬಾಯಿ ತೆರೆದರೆ ಇಂಗ್ಲಿಷೇ. ಒಂದೂವರೆ ವರ್ಷದಲ್ಲಿ ಅವಳ ಇಪ್ಪತ್ತೋ ಇಪ್ಪತ್ತೈದೋ ಮಾತು ನನ್ನ ಕಿವಿಯಲ್ಲಿ ಕುಳಿತವು. 'ಡ್ರಾ ದಿ ಕರ್ಟನ್ಸ್', 'ಜಸ್ಟ್ ಎ ಡ್ರಾಪ್ ಆಫ್ ಮಿಲ್ಕ್', 'ಡೋಂಟ್ ಫಸ್'. ಅವಳು ಹೇಳಿದ ಹಾಗೇ, ಗದ್ದ ಎತ್ತಿ, ಕೊನೆಯ ಅಕ್ಷರ ನುಂಗಿ ಹೇಳಲು ನನಗೆ ಬರುತ್ತಿತ್ತು. ಅವಳು ತೀರಿಕೊಂಡಳು, ನಾನು ಮನೆಗೆ ಬಂದೆ. ಬಂದ ವಾರವೇ ಓಣಿಯ ನಲ್ಲಿಯ ಮುಂದೆ ಜಗಳವಾಡುತ್ತಿದ್ದ ಹೆಂಗಸಿಗೆ ತಮಾಷೆಗೆ, ರಂಪ ಮಾಡಬೇಡ ಎಂಬರ್ಥದ 'ಡೋಂಟ್ ಫಸ್' ಅಂದೆ. ಕೊಡ ಹಿಡಿದವರೆಲ್ಲ ನನ್ನ ಕಡೆ ತಿರುಗಿದರು.

"ಯವ್ವಾ, ಇಕಿ ಮ್ಯಾಡಮ್ ಆಗಿ ಬಂದಾಳ್ರಿ!"

ಅವತ್ತಿನಿಂದ ಔಷಧದ ಡಬ್ಬಿ, ಮಿಕ್ಸರಿನ ಕಾಗದ, ಬ್ಯಾಂಕಿನ ಚೀಟಿ ಎಲ್ಲವೂ ನನ್ನ ಮುಂದೆ ಬಂದವು. ಮಗ್ಗದ ಶೆಡ್ಡಿನ ನೂಲಿನ ಪೆಟ್ಟಿಗೆಗಳ ಮೇಲಿನ ಹೆಸರು ಓದಿ ಓದಿ ಇಂಗ್ಲಿಷ್ ಅಕ್ಷರ ಗುರುತಾಗಿತ್ತು. ಉಳಿದದ್ದನ್ನು ಊಹೆಯಿಂದ ಹೇಳುತ್ತಿದ್ದೆ. ಹೇಳುವಾಗ ಕೈಯ ಬೆವರನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದೆ.

ನಮ್ಮ ಮನೆಯ ಇನ್ನೊಂದು ಮಾತು ಹೇಳಬೇಕು. ಮಗ್ಗದ ಶೆಡ್ಡಿನಲ್ಲಿ ದನಿ ಕೆಲಸಕ್ಕೆ ಬಾರದು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಕೂಗಿದರೂ ಪಕ್ಕದವನಿಗೆ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ತುಟಿಯಿಂದ ಮಾತಾಡುತ್ತಾರೆ. ಬಾಯಿ ಅಗಲ ತೆರೆದು, ತುಟಿ ತೀಡಿ, ದನಿ ಮಾತ್ರ ಹಾಕದೆ. ಹಾಕಿ ಏನು ಮಾಡುವುದು, ಗಂಟಲು ನೋಯುತ್ತದೆ ಅಷ್ಟೇ. ನಾನು ಲಾಳಿಯೊಳಗೆ ಕೂರಿಸುವ ಕಾಂಡಿಗೆ ನೂಲು ಸುತ್ತುವವಳು. ಶೆಡ್ಡಿನ ಆ ಮೂಲೆಯಲ್ಲಿ ಕುಳಿತು ಈ ಮೂಲೆಯವರ ಸಂಸಾರದ ಸುದ್ದಿಯೆಲ್ಲ ಓದಬಲ್ಲೆ. ಅಪ್ಪನ ಕಿವಿ ಮಗ್ಗಕ್ಕೇ ಹೋಗಿದ್ದರಿಂದ ಮನೆಯಲ್ಲಿಯೂ ಅದೇ ಮಾತು. ಶೆಡ್ಡಿಗೆ ಕಾಲಿಡದ ತಂಗಿಯೂ ಚಿಕ್ಕವಳಿದ್ದಾಗಲೇ ಅಪ್ಪನಿಗೆ ತುಟಿಯಿಂದ ಹೇಳುವುದನ್ನು ಕಲಿತಿದ್ದಳು.

ಅವಳು ಮರಾಠಿ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದಳು. ನಮ್ಮ ಮನೆಯಲ್ಲಿ ಅಷ್ಟು ದೂರ ಹೋದವರು ಅವಳೊಬ್ಬಳೇ. ಇಂಗ್ಲಿಷ್ ಬರೆದು ಪಾಸಾಗಿದ್ದಳು, ಆದರೆ ಬಾಯಲ್ಲಿ ಆಡಿರಲಿಲ್ಲ. ಶಿರೋಳಿಯ ಒಂದು ಎರಕದ ಕಾರ್ಖಾನೆಯ ಆಫೀಸಿನಲ್ಲಿ ಫೋನ್ ಎತ್ತಲು ಹುಡುಗಿ ಬೇಕು, ಇಂಗ್ಲಿಷ್ ಮಾತಾಡಲು ಬರಬೇಕು, ಮೂರು ವಾರಕ್ಕೆ ಸಂದರ್ಶನ ಎಂದು ಅವಳ ಗೆಳತಿ ಸುದ್ದಿ ತಂದಳು.

ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಮನ್ಯಾಗ ಅಕ್ಕ ಅದಾಳ. ಕ್ಲಾಸಿಗೆ ಯಾಕ ಹೋಗಬೇಕು?"

ತಂಗಿ ಇನ್ನೂರು ಪುಟದ ನೋಟುಬುಕ್ ತಂದಳು. ಗೆರೆ ಎಳೆದು ಮೂರು ಸಾಲು ಮಾಡಿದಳು. ಮೊದಲ ಸಾಲಿನಲ್ಲಿ ಅವಳು ಇಂಗ್ಲಿಷ್ ಶಬ್ದ ಬರೆಯುವುದು, ಎರಡನೆಯದರಲ್ಲಿ ನಾನು ಅದರ ಉಚ್ಚಾರ ಹೇಳುವುದು, ಮೂರನೆಯದರಲ್ಲಿ ಅರ್ಥ. ಶಬ್ದಗಳನ್ನು ಗೆಳತಿಯ ಹಳೆಯ ಪುಸ್ತಕದಿಂದ ಆರಿಸಿಕೊಂಡು ಬಂದಿದ್ದಳು. 'ರಿಸೀಟ್' ಎಂಬುದನ್ನು 'ರೆಸಿಪ್ಟ್' ಎಂದೆ. 'ಕ್ಯೂ' ಎಂಬುದರಲ್ಲಿ ಅಷ್ಟೊಂದು ಅಕ್ಷರ ನೋಡಿ 'ಕ್ವೆವೆ' ಎಂದೆ. ಅವಳು ತಲೆ ಬಗ್ಗಿಸಿ ಬರೆದುಕೊಂಡಳು. ಗೊತ್ತಿಲ್ಲ ಎಂಬ ಒಂದು ಶಬ್ದ ನನ್ನ ಬಾಯಿಂದ ಬರಲೇ ಇಲ್ಲ.

ನುಡಿಗಟ್ಟುಗಳು ಇನ್ನೂ ಕಷ್ಟ.

"ಅಕ್ಕಾ, ಕೋಲ್ಡ್ ಫೀಟ್ ಅಂದ್ರ?"

"ಕಾಲ ತಣ್ಣಗಾಗೂದು. ಜಡ್ಡ ಬರೂಮುಂದ ಆಗಂಗಿಲ್ಲೇನ, ಹಂಗ."

"ಲೆಟ್ ದಿ ಕ್ಯಾಟ್ ಔಟ್ ಆಫ್ ದಿ ಬ್ಯಾಗ್?"

ದತ್ತವಾಡದಲ್ಲಿ ಹಾಲು ಕದಿಯುವ ಬೆಕ್ಕನ್ನು ಚೀಲದಲ್ಲಿ ಹಾಕಿ ನದಿಯಾಚೆ ಬಿಟ್ಟು ಬರುವುದು ನೆನಪಾಯಿತು. "ಬ್ಯಾಡಾದ್ದನ್ನ ದೂರ ಬಿಟ್ಟ ಬರೋದು," ಅಂದೆ.

ಅವ್ವ ನಕ್ಕಳು. "ಬಿಟ್ರೂ ಮೂರ ದಿನಕ್ಕ ತಿರಗಿ ಬರತೈತಿ ನೋಡ ಅದು."

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ನಾನು ಅಪ್ಪನ ಮೊಬೈಲನ್ನು ಬಚ್ಚಲಿಗೆ ಒಯ್ದು, ನಲ್ಲಿ ಬಿಟ್ಟು, ಕಿವಿಗೆ ಒತ್ತಿ ಹಿಡಿದು, ನೋಟುಬುಕ್ಕಿನ ಶಬ್ದಗಳನ್ನು ಒಂದೊಂದಾಗಿ ಕೇಳಿದೆ. ಮೊಬೈಲಿನ ಹೆಂಗಸು ಹೇಳಿದ್ದು ಬೇರೆ, ನಾನು ಬರೆಸಿದ್ದು ಬೇರೆ. ಅರ್ಧಕ್ಕೂ ಹೆಚ್ಚು ತಪ್ಪು. ತಣ್ಣನೆಯ ಕಾಲಿನ ನುಡಿಗಟ್ಟಿಗೆ ಮರಾಠಿಯಲ್ಲಿ ಅರ್ಥ ತೋರಿಸಿತು: ಹೆದರಿ ಹಿಂಜರಿಯುವುದು. ಬೆಕ್ಕಿನದಕ್ಕೆ: ಗುಟ್ಟು ಹೊರಗೆ ಹಾಕುವುದು. ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಬಕೆಟ್ ತುಂಬಿ ನೀರು ಪಾದದ ಮೇಲೆ ಹರಿಯಿತು. ಅಲ್ಲಿಂದ ಎದ್ದು ಹೋಗಿ ಹೇಳಬಹುದಿತ್ತು. ಇನ್ನೂ ಹನ್ನೆರಡು ದಿನ ಇದ್ದವು.

ಹೇಳಲಿಲ್ಲ. ಹೊರಗೆ ಬಂದಾಗ ತಂಗಿ ಮೊಬೈಲ್ ಕೇಳಿದಳು. "ಅದರಾಗಿಂದು ಅಮೇರಿಕಾದವರ ಇಂಗ್ಲಿಷು. ಶಿರೋಳ್ಯಾಗ ನಡಿಯಂಗಿಲ್ಲ," ಅಂದೆ. ನನ್ನ ಮಾತಿಗೆ ಅವಳು ಎದುರಾಡಿದವಳೇ ಅಲ್ಲ.

ಆದರೆ ಅದೇ ಸಂಜೆ ಹೆದರಿಕೆ ಗೋಡೆಯಾಚೆಯಿಂದಲೂ ಬಂತು. ನಮ್ಮ ಅಂಗಳಕ್ಕೆ ತೆರೆದ ಕಿಟಕಿ ಓಣಿಗೆ ಹೊಸದಾಗಿ ಬಂದ ಒಬ್ಬ ನಿವೃತ್ತ ಶಿಕ್ಷಕಿಯದು. ಮಕ್ಕಳಿಗೆ ಇಂಗ್ಲಿಷ್ ಕಲಿಸಿದಾಕೆ. ತಂಗಿ ಅಂಗಳದಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಶಬ್ದ ಹೇಳಿಕೊಳ್ಳುತ್ತಿದ್ದಾಗ ಕಿಟಕಿಯ ಸರಳಿಗೆ ಆ ಮುಖ ಬಂತು.

"ಕಾಯ ಮ್ಹಣಾಲೀಸ ಗ? ಪುನ್ಹಾ ಮ್ಹಣ ಬಘೂ."

ಮತ್ತೊಮ್ಮೆ ಹೇಳು ನೋಡೋಣ ಎಂದು ಆಕೆ ಪ್ರೀತಿಯಿಂದಲೇ ಕೇಳಿದ್ದು. ಒಲೆಯ ಮೇಲೆ ಹಾಲು ಉಕ್ಕಿತು ಎಂದು ಸುಳ್ಳು ಕೂಗಿ ತಂಗಿಯನ್ನು ಒಳಗೆ ಕರೆದೆ. ಕದ ಮುಂದೆ ಮಾಡಿ ಹೇಳಿದೆ:

"ಇನ್ನ ಮ್ಯಾಲ ಗಟ್ಟಿ ಹೇಳಬ್ಯಾಡ. ನೌಕರಿ ಸಿಗೂದರಾಗ ಓಣ್ಯಾಗ ಗೊತ್ತಾದ್ರ ದೃಷ್ಟಿ ಆಕ್ಕೈತಿ. ತುಟೀಲೆ ಹೇಳು, ಅಪ್ಪಗ ಹೇಳಿದಂಗ. ನಾ ತಿಳಕೋತೇನಿ."

"ಅಲ್ಲಿ ಹೋದಾಗ?"

"ಅಲ್ಲಿ ಹೋದಾಗ ದನಿ ತಾನ ಬರತೈತಿ. ದನಿ ಏನ ಕಲಿಯೂದೇನ?"

ದೃಷ್ಟಿಗೆ ನಮ್ಮಲ್ಲಿ ಎಲ್ಲರೂ ಹೆದರುತ್ತಾರೆ. ಬಸಿರಿನ ಸುದ್ದಿಯನ್ನೂ ಐದು ತಿಂಗಳು ಬಾಯಿ ಬಿಡದ ಜನ ನಾವು. ಅವಳು ಒಪ್ಪಿಕೊಂಡಳು. ಅವತ್ತಿನಿಂದ ಹನ್ನೆರಡು ದಿನ ಅವಳು ನನ್ನ ಎದುರು ಕುಳಿತು ಇಂಗ್ಲಿಷನ್ನು ತುಟಿಯಿಂದಷ್ಟೇ ಆಡಿದಳು. 'ಗುಡ್ ಮಾರ್ನಿಂಗ್ ಸರ್, ಹೌ ಮೇ ಐ ಹೆಲ್ಪ್ ಯು'. ಒಂದು ಉಸಿರಿನ ಸದ್ದೂ ಇಲ್ಲ. ತುಟಿಯ ಮೇಲೆ ತಪ್ಪು ಕಾಣಿಸುವುದಿಲ್ಲ, ಎಲ್ಲವೂ ಚೆಂದ ಕಾಣಿಸುತ್ತದೆ. ನನಗೆ ಹಗುರವಾಯಿತು. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂದರ್ಶನಕ್ಕೆ ನಾನೇ ಜೊತೆಗೆ ಹೋದೆ. ಶಿರೋಳಿಯ ತಿರುವಿನಲ್ಲಿ ಬಸ್ ಇಳಿದು, ಸುಟ್ಟ ಮರಳಿನ ವಾಸನೆಯ ರಸ್ತೆಯಲ್ಲಿ ಕಾಲು ಗಂಟೆ ನಡೆದೆವು. ಅವಳು ದಾರಿಯುದ್ದಕ್ಕೂ ತುಟಿ ಆಡಿಸುತ್ತಿದ್ದಳು. ಆಫೀಸಿನಲ್ಲಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗಿನ ಕೋಣೆಗೆ ಗಾಜಿನ ಗೋಡೆ. ಇಬ್ಬರು ಗಂಡಸರು, ಒಬ್ಬ ಹೆಂಗಸು, ಎದುರಿಗೆ ನನ್ನ ತಂಗಿ. ಅವಳ ಮುಖದ ಅರ್ಧ ನನ್ನ ಕಡೆಗಿತ್ತು.

ಗಾಜಿನಾಚೆಯ ಮಾತು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ತಂಗಿ ತನ್ನ ಹೆಸರು ಹೇಳಿದಳು, ಊರು ಹೇಳಿದಳು, ನಾನು ಕಲಿಸಿದ ಕ್ರಮದಲ್ಲೇ ಅಪ್ಪ ಅವ್ವನ ಬಗ್ಗೆ ಹೇಳಿದಳು. ಒಂದು ಶಬ್ದವನ್ನೂ ಬಿಡಲಿಲ್ಲ. ಪಾಸಾದಳು ಎಂದುಕೊಂಡೆ. ನನ್ನ ತುಟಿಯೂ ಅವಳ ಜೊತೆಗೆ ಆಡುತ್ತಿತ್ತು.

ಆಮೇಲೆ ಅವರ ಮುಖ ನೋಡಿದೆ. ಹಿರಿಯ ಗಂಡಸು ಮುಂದಕ್ಕೆ ಬಾಗಿದ್ದ. ಹೆಂಗಸು ಕಿವಿಯ ಹಿಂದೆ ಕೈ ಇಟ್ಟಿದ್ದಳು. ಇನ್ನೊಬ್ಬ ಎದ್ದು ಹೋಗಿ ಫ್ಯಾನ್ ಆರಿಸಿದ. ತಂಗಿ ಇನ್ನಷ್ಟು ಹೆದರಿದಳು. ಬಾಯಿಯನ್ನು ಇನ್ನಷ್ಟು ಅಗಲ ತೆರೆದು, ತುಟಿಯನ್ನು ಇನ್ನಷ್ಟು ತೀಡಿ, ಶೆಡ್ಡಿನಲ್ಲಿ ದೂರದವರಿಗೆ ಹೇಳುವ ಹಾಗೆ, ಅದನ್ನೇ ಮತ್ತೆ ಹೇಳಿದಳು. ಅವಳ ಕುತ್ತಿಗೆಯ ನರ ಅಲುಗಲಿಲ್ಲ. ದನಿ ಇರಲಿಲ್ಲ. ಹನ್ನೆರಡು ದಿನದ ರೂಢಿಗೆ, ಗಾಬರಿಗೆ, ದನಿ ಇಲ್ಲ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ನಾನು ಎದ್ದು ಆ ಬಾಗಿಲು ನೂಕಬೇಕಿತ್ತು. ಇವಳಿಗೆ ದನಿ ಇದೆ ಸಾಹೇಬರೆ, ಇದು ಮಗ್ಗದವರ ಅಭ್ಯಾಸ, ನಾನೇ ಹೀಗೆ ಕಲಿಸಿದೆ ಎಂದು ಹೇಳಬೇಕಿತ್ತು. ಬೆಂಚಿನ ಕಬ್ಬಿಣವನ್ನು ಎರಡೂ ಕೈಯಿಂದ ಹಿಡಿದು ಕುಳಿತೆ. ಒಳಗೆ ಹೋದರೆ ನನ್ನ ಜೊತೆ ಇಂಗ್ಲಿಷ್ ಮಾತಾಡುತ್ತಾರೆ, ತಂಗಿಯ ಎದುರಿಗೆ. ಅದಕ್ಕಿಂತ ದೊಡ್ಡ ಭಯ ನನಗೆ ಆಗ ಇರಲಿಲ್ಲ.

ಹಿರಿಯ ಗಂಡಸು ಅವಳನ್ನು ಕರೆದುಕೊಂಡು ಹೊರಗೆ ಬಂದ. ಒಳ್ಳೆಯ ಮನುಷ್ಯ. ಮೆಲ್ಲಗೆ ನನ್ನನ್ನು ಕೇಳಿದ: "ಹಿಲಾ ಘಶಾಚಾ ಕಾಹೀ ತ್ರಾಸ ಆಹೆ ಕಾ?"

ಇವಳಿಗೆ ಗಂಟಲಿನ ತೊಂದರೆ ಏನಾದರೂ ಇದೆಯೇ ಎಂದು. ಒಂದೇ ಪ್ರಶ್ನೆ. ತಂಗಿ ಅವನ ಹಿಂದೆಯೇ ನಿಂತು ನನ್ನ ಮುಖ ನೋಡುತ್ತಿದ್ದಳು.

"ಹೋ," ಎಂದೆ. ಹೌದು ಎಂದೆ.

ಬಸ್ಸು ಹಾತಕಣಂಗಲೆ ಊರನ್ನು ದಾಟಿತು. ತಂಗಿ ಕುತ್ತಿಗೆ ಮುಟ್ಟಿಕೊಂಡು ಕೇಳಿದಳು. "ಅಕ್ಕಾ, ನನ್ನ ಗಂಟಲದಾಗ ಏನರ ಆಗೇತೇನ? ನಿನಗ ಮೊದಲ ಗೊತ್ತಿತ್ತೇನ?"

"ಥಂಡಿ ಆಗಿರಬೇಕು," ಅಂದೆ.

ಒಂದು ಸುಳ್ಳು ಮನೆಗೆ ಬಂದರೆ ಅದಕ್ಕೆ ಹಾಸಿಗೆ ಹಾಸಿ ಊಟ ಹಾಕುವವರೇ ಎಲ್ಲರೂ. ಅವ್ವ ಅರಿಶಿನದ ಹಾಲು ಕೊಟ್ಟಳು, ಉಪ್ಪುನೀರು ಮುಕ್ಕಳಿಸಲು ಹಚ್ಚಿದಳು, ತಣ್ಣೀರು ಬಿಡಿಸಿದಳು. "ಮಾತ ಕಡಿಮಿ ಮಾಡ," ಎಂದು ದಿನಕ್ಕೆ ಹತ್ತು ಸಲ ಅಂದಳು. ತಂಗಿ ಕಡಿಮೆ ಮಾಡಿದಳು. ಎರಡು ವಾರದಲ್ಲಿ ಅವಳ ಕನ್ನಡವೂ ಪಿಸುಮಾತಾಯಿತು. ಬಾಗಿಲಲ್ಲಿ ತರಕಾರಿಯವಳು ಬಂದರೆ ಕೈಸನ್ನೆ ಮಾಡತೊಡಗಿದಳು. ಚಿಕ್ಕಂದಿನಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ಹುಡುಗಿ. ನನಗೆ ಹೊಸ ಭಯ ಹಿಡಿಯಿತು. ಇಷ್ಟು ದಿನ ನನ್ನ ಮಾನಕ್ಕೆ ಹೆದರುತ್ತಿದ್ದೆ. ಈಗ ಅವಳ ದನಿ ನಿಜವಾಗಿಯೇ ಹೋಗಿಬಿಟ್ಟರೆ ಎಂದು ಹೆದರಿದೆ.

ಕೊಲ್ಹಾಪುರದ ಗಂಟಲಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಅವಳ ಮೂಗಿನಿಂದ ಸಣ್ಣ ಕ್ಯಾಮೆರಾದ ನಳಿಗೆ ಇಳಿಸಿದರು. ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಒಡೆದು ಚರ್ಮಕ್ಕೆ ಚುಚ್ಚಿತು. ಪರದೆಯ ಮೇಲೆ ಅವಳ ಗಂಟಲು ಕಾಣಿಸಿತು. ಗುಲಾಬಿ, ಒದ್ದೆ, ಆರೋಗ್ಯವಾದ ಗಂಟಲು. ಡಾಕ್ಟರರು ಮರಾಠಿಯಲ್ಲಿ ಹೇಳಿದರು, ಏನೂ ಆಗಿಲ್ಲ. ಆಮೇಲೆ ನನ್ನನ್ನೂ ಅವ್ವನನ್ನೂ ನೋಡಿ ಕೇಳಿದರು, ಹುಡುಗಿ ಯಾವುದಕ್ಕಾದರೂ ಹೆದರಿದ್ದಾಳೆಯೇ, ಏನಾದರೂ ನಡೆದಿದೆಯೇ?

ನಾನು ನೆಲದ ಫರಸಿಯ ಗೆರೆ ನೋಡಿದೆ. ಅವ್ವ "ಕಾಹೀ ನಾಹೀ," ಏನೂ ಇಲ್ಲ, ಎಂದಳು.

ಹೊರಗೆ ಬಂದು ಅವ್ವ ಅತ್ತಳು. "ಏನೂ ಇಲ್ಲಂದ್ರ ಮಾತ ಯಾಕ ಬರವಲ್ದು? ದೊಡ್ಡ ಜಡ್ಡ ಇರಬೇಕು. ಮುಚ್ಚಿ ಇಡಾಕತ್ತಾರ."

ಗಡಹಿಂಗ್ಲಜದಲ್ಲಿ ನಮ್ಮ ಮಾವಶಿ, ಅಂದರೆ ಅವ್ವನ ತಂಗಿ ಇದ್ದಾಳೆ. ಅವಳ ಊರ ಹತ್ತಿರ ಗಂಟಲಿಗೆ ಬೇರಿನ ಔಷಧ ಕೊಡುವವನೊಬ್ಬನಿದ್ದಾನೆ, ಪಥ್ಯ ಎಂದರೆ ಒಂದು ತಿಂಗಳು ಪೂರಾ ಮೌನ. ತಂಗಿಯನ್ನು ಅಲ್ಲಿಗೆ ಕಳಿಸಿದರು. ಅವಳು ಬಸ್ಸಿನ ಕಿಟಕಿಯಿಂದ ತುಟಿ ಆಡಿಸಿ ನನಗೆ 'ಹೋಗಿ ಬರತೇನಿ' ಎಂದಳು. ನಾನೂ ತುಟಿಯಿಂದಲೇ 'ಹುಷಾರ' ಎಂದೆ.

ಹದಿನಾರು ದಿನವಾದ ಮೇಲೆ, ನಾನು ಶೆಡ್ಡಿನಲ್ಲಿದ್ದಾಗ, ಅಪ್ಪನ ಮೊಬೈಲಿಗೆ ಅವಳ ಸಂದೇಶ ಬಂತು. ಫೋನ್ ಮಾಡುವಂತಿಲ್ಲವಲ್ಲ, ಮಾವಶಿಯ ಮೊಬೈಲಿನಿಂದ ಬರೆದು ಕಳಿಸಿದ್ದಳು. "ಅಕ್ಕಾ, ಒಬ್ಬಾಕೀನ ಇದ್ದಾಗ ಗಟ್ಟಿ ಮಾತಾಡಿ ನೋಡಿದೆ. ಬರಲಿಲ್ಲ. ನಾ ಮೂಕಿ ಆಗತೇನೇನ?"

ಕಾಂಡಿ ಸುತ್ತುವ ಯಂತ್ರವನ್ನು ಹಾಗೇ ಬಿಟ್ಟು ಎದ್ದೆ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಎರಡು ಕಡೆ ಇಳಿದು ಹಿಂದಿರುಗೋಣ ಎನ್ನಿಸಿತು. ಒಂದು ಕಡೆ ಇಳಿದೂ ಇಳಿದೆ. ಕಂಡಕ್ಟರ್ ಬೈದಾಗ ಮತ್ತೆ ಹತ್ತಿದೆ.

ಮಾವಶಿಯ ಅಂಗಳದಲ್ಲಿ ಮಾರುಕಟ್ಟೆಗೆ ಹೋಗುವ ಕೆಂಪು ಮೆಣಸಿನಕಾಯಿ ಹರವಿದ್ದರು. ಮಾವಶಿ ಕುಳಿತು ತೊಟ್ಟು ಮುರಿಯುತ್ತಿದ್ದಳು. ಘಾಟು ಗಂಟಲಿಗೆ ಆಗದು ಎಂದು ತಂಗಿಯನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಅವಳು ಸೊರಗಿದ್ದಳು. ಆ ನೋಟುಬುಕ್ ಅವಳ ತೊಡೆಯ ಮೇಲಿತ್ತು, ಇನ್ನೂ ಓದುತ್ತಿದ್ದಳು.

ನಾನು ಎದುರಿಗೆ ಕುಳಿತು ತುಟಿಯಿಂದ ಶುರುಮಾಡಿದೆ. ದನಿ ಹಾಕಲು ಧೈರ್ಯವಾಗಲಿಲ್ಲ. ನಾ ತಪ್ಪು ಮಾಡೇನಿ, ಎಂದೆ. ಅವಳು ತಲೆ ಅಲ್ಲಾಡಿಸಿ ಪಿಸುಗುಟ್ಟಿದಳು.

"ಗಟ್ಟಿ ಹೇಳು. ನಿನ್ನ ಗಂಟಲಕ್ಕೇನ ಆಗೇತಿ?"

ಗಟ್ಟಿಯಾಗಿ ಹೇಳಿದೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಈ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಹುಟ್ಟಿಸಿದ್ದು. ಬಚ್ಚಲಲ್ಲಿ ಕುಳಿತು ಅದು ತಪ್ಪೆಂದು ತಿಳಿದುಕೊಂಡೆ. ಗೋಡೆಯಾಚೆಯ ಶಿಕ್ಷಕಿಗೆ ಕೇಳಬಾರದೆಂದು ನಿನ್ನ ದನಿ ನಿಲ್ಲಿಸಿದೆ, ದೃಷ್ಟಿಯ ಮಾತು ಸುಳ್ಳು. ಗಾಜಿನಾಚೆ ನೀನು ದನಿಯಿಲ್ಲದೆ ಮಾತಾಡುತ್ತಿದ್ದುದು ನನಗೆ ಕಂಡಿತು. ನಿನ್ನ ಗಂಟಲಿಗೆ ಏನೂ ಆಗಿಲ್ಲ. ಸಾಹೇಬರಿಗೆ ಹೌದು ಎಂದದ್ದು ನಾನು.

ಅವಳು ನನ್ನ ತುಟಿಯನ್ನೇ ನೋಡಿದಳು, ಕೇಳಿದ್ದನ್ನು ಇನ್ನೊಮ್ಮೆ ಓದುವವಳ ಹಾಗೆ. ಆಮೇಲೆ ನೋಟುಬುಕ್ಕನ್ನು ಎತ್ತಿ ನನ್ನ ಮೇಲೆ ಒಗೆದಳು.

"ಮೂಗಿನ್ಯಾಗ ನಳಗಿ ಹಾಕಿದ್ರು!" ಮೊದಲು ದನಿ ಸೀಳಿಕೊಂಡು ಬಂತು, ಆಮೇಲೆ ತುಂಬಿಕೊಂಡಿತು. "ನನ್ನ ಕೈ ಹಿಡಕೊಂಡ ನಿಂತಿದ್ದೆಲ್ಲಾ ನೀ! ಡಾಕ್ಟರ ಕೇಳಿದ್ರ ನೆಲಾ ನೋಡಿದಿ! ಹದಿನಾರ ದಿನ ಕಹೀ ಕಷಾಯ ಕುಡದೇನಿ, ಮೂಕಿ ಆಗತೇನಂತ ದಿನಾ ಅತ್ತೇನಿ! ನೀ ಅಕ್ಕ ಏನ?"

ಮಾವಶಿ ಮೆಣಸಿನಕಾಯಿಯ ಕೈಯಲ್ಲೇ ಓಡಿ ಬಂದಳು. ಮುಖದಲ್ಲಿ ಹಬ್ಬ.

"ದನಿ ಬಂತಲ್ಲವ್ವಾ! ನಾ ಹೇಳಿದ್ದಿಲ್ಲೇನ, ಭಾಳ ಗುಣದ ಔಷಧ ಅದು! ಬೇರು ಹತ್ತೇತಿ ನೋಡು!"

ಆ ಕ್ಷಣದಲ್ಲಿ ನನಗೊಂದು ದಾರಿ ತೆರೆಯಿತು. ಬೇರು ಹತ್ತಿತು ಎಂದರೆ ಮುಗಿಯಿತು. ಅವ್ವನಿಗೂ ಅದೇ ಸುದ್ದಿ, ಓಣಿಗೂ ಅದೇ. ನಾನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ತಂಗಿ ಏದುಸಿರು ಬಿಡುತ್ತ ನನ್ನನ್ನೇ ನೋಡುತ್ತಿದ್ದಳು.

"ಔಷಧದಿಂದ ಅಲ್ಲ ಮಾವಶಿ," ಅಂದೆ. "ಇಕಿಗೆ ಏನೂ ಆಗಿದ್ದಿಲ್ಲ. ನಾ ಸುಳ್ಳ ಹೇಳಿದ್ದೆ." ಮಾವಶಿ ನನ್ನನ್ನೂ ಅವಳನ್ನೂ ನೋಡಿದಳು. ಆ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿಗೆ ಕಿರುಚಿ, ನೀರಿನ ಕಡೆ ಓಡಿದಳು. ತಂಗಿ ಅವಳ ಬೆನ್ನಿಗೆ ಹೋಗಿ ಚೊಂಬಿನಿಂದ ನೀರು ಎರಚಿದಳು. ನನ್ನನ್ನು ಯಾರೂ ಕರೆಯಲಿಲ್ಲ.

ಸಂಜೆ ಮಾವಶಿಯ ಮೊಬೈಲಿನಿಂದ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವ್ವ ಒಂದೇ ಮಾತು ಕೇಳಿದಳು. "ಡಾಕ್ಟರ ಕೇಳಿದಾಗ ನೀ ಅಲ್ಲೇ ಇದ್ದೆಲ್ಲವಾ?" ಇದ್ದೆ ಎಂದೆ. ಅವಳು ಫೋನ್ ಇಟ್ಟಳು.

ಮರುದಿನ ಹೊತ್ತೇರಿದ ಮೇಲೆ ತಂಗಿ ಶಿರೋಳಿಯ ಆಫೀಸಿಗೆ ತಾನೇ ಫೋನ್ ಹಚ್ಚಿದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು, ಗಟ್ಟಿಯಾಗಿ, ತಡವರಿಸುತ್ತ. ನಾನು ಕಲಿಸಿದ ತಪ್ಪು ಉಚ್ಚಾರಗಳು ಅದರಲ್ಲಿ ಹಾಗೇ ಇದ್ದವು. ಒಂದೊಂದು ಬಂದಾಗಲೂ ನನಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆ ಕಡೆಯವರು ಏನೋ ಹೇಳಿದರು. 'ಓಕೆ ಸರ್, ಥ್ಯಾಂಕ್ ಯು ಸರ್' ಎಂದು ಫೋನ್ ಇಳಿಸಿದಳು.

"ಆ ಜಾಗಾ ತುಂಬೇತಂತ," ಅಂದಳು. "ಹೋದ ವಾರ ಬ್ಯಾರೆ ಹುಡಿಗೀನ ತಗೊಂಡಾರಂತ."

ನಾನು ಬಾಯಿ ತೆರೆದೆ.

"ನೀ ಏನೂ ಹೇಳಬ್ಯಾಡ," ಅಂದಳು. ಪೇಪರಿನಿಂದ ಹರಿದ ಒಂದು ಜಾಹೀರಾತನ್ನು ಮಡಿಕೆ ಬಿಡಿಸಿದಳು, ಕೊಲ್ಹಾಪುರದ ಯಾವುದೋ ಆಫೀಸಿನದು. ನಂಬರ್ ಒತ್ತುವ ಮೊದಲು ತಲೆ ಎತ್ತಿದಳು. "ಬಾಜೂಕ ನಿಂದರಬ್ಯಾಡ. ನೀ ನಿಂತ್ರ ನನಗ ದನಿ ಬರಂಗಿಲ್ಲ."

ಹೊಸ್ತಿಲು ಬಿಟ್ಟು ಮೆಣಸಿನಕಾಯಿಯ ರಾಶಿ ದಾಟಿ ಅಂಗಳದ ತುದಿಗೆ ಹೋಗಿ ನಿಂತೆ. ಅಲ್ಲಿಗೂ ಅವಳ ಮಾತು ಕೇಳಿಸಿತು. ಇನ್ನೂ ದೂರ ಹೋದೆ.